ಠಾಣೆಗೂ ಆಸ್ಪತ್ರೆಗೂ ನಡುವೆ

ಕೊಳ್ಳೇಗಾಲದ ನ್ಯಾಯಾಲಯದ ಆವರಣದಲ್ಲಿ ಬೆಳಿಗ್ಗೆ ಹತ್ತೂವರೆ ದಾಟುತ್ತಿದ್ದಂತೆ ಪಹಣಿಗೆ ಬೆಲೆ ಬರುತ್ತದೆ. ಜಾಮೀನು ನಿಲ್ಲುವವನಿಗೆ ಜಮೀನಿರಬೇಕು, ಜಮೀನಿಗೆ ಪಹಣಿ ಇರಬೇಕು, ಪಹಣಿಯಲ್ಲಿರುವ ಹೆಸರು ಸತ್ತ ತಾತನದಾಗಿರದೆ ನಿಂತವನದೇ ಆಗಿರಬೇಕು. ಹಳ್ಳಿ ಬಸ್ಸುಗಳಿಂದ ಇಳಿದ ಹೆಂಗಸರು ಆ ಹಾಳೆ, ಆಧಾರ್ ಜೆರಾಕ್ಸ್, ಎರಡು ಫೋಟೊಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಟೈಪಿಂಗ್ ಮೇಜುಗಳ ಸುತ್ತ ನಿಂತಿರುತ್ತಾರೆ. ಗಂಡನಿಗಾಗಿ ಬಂದವರು ಕೆಲವರು, ಮಗನಿಗಾಗಿ ಬಂದವರು ಹೆಚ್ಚು. ಏನು ಕೇಸು ಅಂದರೆ ಉತ್ತರ ಚಿಕ್ಕದು. ಕುಡಿದು ಜಗಳ ಆಡವ್ನೆ. ಸೊಪ್ಪು ಸೇದ್ತಾ ಸಿಕ್ಕವ್ನೆ. ತಲೆ ಸರಿ ಇಲ್ಲ, ಅಂಗಡಿ ಗಾಜು ಒಡದ್ಬುಟ್ಟ.

ಮೂರರಲ್ಲೂ ಕಾಯಿಲೆ ಮೊದಲು ಬಂದಿದೆ, ಕಲಮು ಆಮೇಲೆ ಬಿದ್ದಿದೆ. ಇಂಥವರನ್ನು ಒಳಗೆ ಹಾಕುವ ಬದಲು ಔಷಧಿಗೆ ಕಳಿಸುವ ದಾರಿ ಈ ದೇಶದ ಕಾನೂನಿನಲ್ಲಿ ಇದೆಯೇ? ಇದೆ, ಒಂದಲ್ಲ ನಾಲ್ಕೈದು. ಈ ಮೂರು ತಾಲ್ಲೂಕುಗಳಲ್ಲಿ ಔಷಧಿ ಕೊಡುವ ಜಾಗಗಳಿವೆಯೇ? ಅವೂ ಇವೆ. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿ ನಾನು ನೋಡಬಯಸಿದ್ದು ಇವೆರಡರ ನಡುವಿನ ಜಾಗವನ್ನು. ಠಾಣೆಯಿಂದ ಆಸ್ಪತ್ರೆಗೆ, ಕೋರ್ಟಿನಿಂದ ಮನೆಗೆ ಒಬ್ಬ ಮನುಷ್ಯನನ್ನು ದಾಟಿಸುವ ಕೆಲಸ ಯಾರದು?

ಟೈಪಿಂಗ್ ಮೇಜಿನಾಚೆ ವಕೀಲರೊಬ್ಬರ ಬಳಿ ಎನ್‌ಡಿಪಿಎಸ್ ಕಾಯ್ದೆಯ ಪುಸ್ತಕವಿತ್ತು. 1985ರ ಮಾದಕವಸ್ತು ಕಾಯ್ದೆ. ಗಾಂಜಾ ಕೇಸುಗಳಲ್ಲಿ ಕೆಲಸಕ್ಕೆ ಬರುವ ಪುಟಗಳು ಅಂಚಿನಲ್ಲೇ ಗೊತ್ತಾಗುತ್ತವೆ. ಬೆಳೆ ಮತ್ತು ಸಾಗಣೆಯ 20ನೇ ಕಲಮು, ಜಾಮೀನಿನ 37, ಶೋಧನೆಯ 42 ಮತ್ತು 50 ಬೆರಳಾಡಿ ಕಪ್ಪಾಗಿವೆ, ಪೆನ್ಸಿಲ್ ಗೀಟುಗಳಿವೆ. 39ನೇ ಕಲಮು ಇರುವ ಪುಟವೂ 64-ಎ ಇರುವ ಪುಟವೂ ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗಿದ್ದವು. ನನ್ನ ವಿಷಯವೆಲ್ಲ ಇರುವುದು ಆ ಬಿಳಿ ಪುಟಗಳಲ್ಲಿ.

39 ಹೇಳುವುದು ಇಷ್ಟು. ಮಾದಕವಸ್ತು ಸೇವಿಸಿದ್ದಕ್ಕೆ, ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ತಪ್ಪಿತಸ್ಥನೆಂದು ಕಂಡುಬಂದ ವ್ಯಸನಿಯನ್ನು ತಕ್ಷಣ ಜೈಲಿಗೆ ಕಳಿಸಬೇಕಿಲ್ಲ. ಅವನ ವಯಸ್ಸು, ನಡತೆ, ದೇಹ ಮತ್ತು ಮನಸ್ಸಿನ ಸ್ಥಿತಿ ನೋಡಿ, ಅವನ ಒಪ್ಪಿಗೆ ಪಡೆದು, ಸರ್ಕಾರ ನಡೆಸುವ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಗೆ ಚಿಕಿತ್ಸೆಗೆ ಕಳಿಸಬಹುದು. ಅವನು ಮುಚ್ಚಳಿಕೆ ಬರೆದುಕೊಡುತ್ತಾನೆ, ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ತಂದು ನ್ಯಾಯಾಲಯಕ್ಕೆ ಒಪ್ಪಿಸುತ್ತಾನೆ. ವರದಿ ಚೆನ್ನಾಗಿದ್ದರೆ ಎಚ್ಚರಿಕೆ ಹೇಳಿ, ಮೂರು ವರ್ಷಕ್ಕೆ ಮೀರದ ಇನ್ನೊಂದು ಮುಚ್ಚಳಿಕೆಯ ಮೇಲೆ ಬಿಟ್ಟುಬಿಡಬಹುದು. 64-ಎ ಇನ್ನೂ ಒಂದು ಹೆಜ್ಜೆ ಮುಂದಿದೆ. ಇಂಥ ಸಣ್ಣ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯೇ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅಷ್ಟೆ. ಗಾಂಜಾದಲ್ಲಿ ಸಣ್ಣ ಪ್ರಮಾಣ ಅಂದರೆ ಒಂದು ಕಿಲೊವರೆಗೆ. ಸೇದಿದ್ದಕ್ಕೆ ಇರುವ ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳು ಮಾತ್ರ ವಿಶೇಷ ನ್ಯಾಯಾಲಯಕ್ಕೇ ಹೋಗಬೇಕು. ಸೇದಿದವನ ಕೇಸು ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿಯಬಹುದು. ಅಂದರೆ 39ನೇ ಕಲಮನ್ನು ಬಳಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಮತ್ತೆ ಪುಟ ಬೆಳ್ಳಗಿರುವುದು ಯಾಕೆ? ಯಾರದೋ ದುಷ್ಟತನ ಹುಡುಕಿದರೆ ಸಿಗುವುದಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮಧ್ಯಾಹ್ನದ ಬಸ್ಸಿಗೆ ಊರು ಸೇರಬಹುದು. ಚಿಕಿತ್ಸೆ ಅಂದರೆ ತಿಂಗಳುಗಟ್ಟಲೆ ಓಡಾಟ, ಮತ್ತೆ ಮತ್ತೆ ಕೋರ್ಟು, ವರದಿ ಬರೆಸಲು ವೈದ್ಯರ ಹಿಂದೆ ಅಲೆದಾಟ. ಕೂಲಿಯವನಿಗೆ ಯಾವುದು ಅಗ್ಗ? ದಂಡವೇ ಅಗ್ಗ. ಜೈಲಿಗೆ ಎದುರಾಳಿಯಾಗಿ ನಾವು ಚಿಕಿತ್ಸೆಯನ್ನು ನಿಲ್ಲಿಸುತ್ತೇವೆ. ಈ ಅಂಗಳದಲ್ಲಿ ಚಿಕಿತ್ಸೆಗೆ ನಿಜವಾದ ಎದುರಾಳಿ ದಂಡದ ರಸೀದಿ. ದಂಡ ಕಟ್ಟಿದವನು ಸಂಜೆಗೆ ಮತ್ತೆ ಹಳೆಯ ಜಾಗದಲ್ಲಿ ಕೂತಿರುತ್ತಾನೆ. ನಾಲ್ಕನೆಯ ಸಲವೋ ಐದನೆಯ ಸಲವೋ ಅವನು ಸಿಕ್ಕಿಬೀಳುವುದು ಇನ್ನೂ ದೊಡ್ಡ ಕಲಮಿಗೆ.

ಕುಡಿತದ ಮೇಲಿನ ಕಾನೂನಿಗೆ ಈ ಊರಿನಲ್ಲಿ ಹಳೆಯ ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹತ್ತಿರದ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ಊರು. 1937ರ ಮದರಾಸ್ ಪಾನನಿಷೇಧ ಕಾಯ್ದೆ ಸೇಲಂನಿಂದ ಶುರುವಾಗಿ 1948ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ಕುಡಿಯುವುದೇ ಅಪರಾಧ. ಆ ಕಾಯ್ದೆಯಡಿ ಕುಡುಕನನ್ನು ಹಿಡಿಯುವ ದಾರಿ ವಿವರವಾಗಿತ್ತು, ಬಿಡಿಸುವ ದಾರಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಕುಡಿತ ಅಪರಾಧವಲ್ಲ. ಆದರೂ ಕುಡುಕ ಠಾಣೆಯ ಪರಿಚಿತ. ಸಾರ್ವಜನಿಕ ಜಾಗದಲ್ಲಿ ಕುಡಿದರೆ 1965ರ ಅಬಕಾರಿ ಕಾಯ್ದೆಯ 15-ಎ, ಗಲಾಟೆ ಮಾಡಿದರೆ ಪೆಟ್ಟಿ ಕೇಸು, ಊರಿಗೆ ತೊಂದರೆ ಅನ್ನಿಸಿದರೆ ಹಿಂದೆ 107 ಅನ್ನುತ್ತಿದ್ದ ಮುಚ್ಚಳಿಕೆ. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮು ಒಂದು ಹೊಸ ದಾರಿ ತೆರೆದಿದೆ. ಕುಡಿದು ರಸ್ತೆಯಲ್ಲಿ ರಂಪ ಮಾಡಿದವನಿಗೆ 24 ಗಂಟೆಯ ಸೆರೆಯನ್ನೋ ಸಾವಿರ ರೂಪಾಯಿ ದಂಡವನ್ನೋ ವಿಧಿಸಬಹುದು, ಅವುಗಳ ಬದಲು ಸಮುದಾಯ ಸೇವೆಯನ್ನೂ ವಿಧಿಸಬಹುದು. ಮನೆಯೊಳಗಿನ ರಂಪಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 14ನೇ ಕಲಮಿನಲ್ಲಿ ಆಪ್ತಸಮಾಲೋಚನೆಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. 1958ರ ಪ್ರೊಬೇಷನ್ ಕಾಯ್ದೆಯಂತೂ ಅರವತ್ತು ವರ್ಷಕ್ಕೂ ಹಳೆಯದು. ಕಲಮುಗಳಿಗೆ ಬರವಿಲ್ಲ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ 90 ಎಂಎಲ್ ವಿಸ್ಕಿಯ ಟೆಟ್ರಾ ಪ್ಯಾಕೆಟ್ ಬಂತು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಶಾಂಪೂ ಸ್ಯಾಷೆ ನಡುವೆ ಅದೂ ಸಿಗುತ್ತದೆ ಅನ್ನುವುದು ಈ ಭಾಗದ ಹೆಂಗಸರು ಸಭೆ ಸಭೆಯಲ್ಲೂ ಎತ್ತುವ ದೂರು. ಬೆಳಿಗ್ಗೆ ಆರಕ್ಕೆ ಒಂದು ಪ್ಯಾಕೆಟ್ ಬೇಕಾಗುವ ಮನುಷ್ಯನನ್ನು ಲಾಕಪ್ಪಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶುಕ್ರವಾರ ಸಂಜೆ ಹಿಡಿದರು ಅಂದುಕೊಳ್ಳಿ. ರಾತ್ರಿಗೇ ಕೈ ನಡುಕ, ಬೆವರು, ವಾಂತಿ. ಶನಿವಾರ ನಿದ್ದೆಯಿಲ್ಲ, ಕೆಲವರಿಗೆ ಮೂರ್ಛೆಯ ಸೆಳೆತ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಜೈಲಿಗೆ ಸಾಗಿಸಿ, ಅಲ್ಲಿನ ಬಾಗಿಲು ಹಾಕಿಕೊಂಡ ಮೇಲೆ ಭಾನುವಾರ ರಾತ್ರಿಗೆ ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣಿಸುತ್ತದೆ, ಇಲ್ಲದವರ ದನಿ ಕೇಳಿಸುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಕಾವಲಿನವರಿಗೆ ಕಾಣುವುದು ನಾಟಕ ಅಥವಾ ಹುಚ್ಚು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಕ್ಕೇ ಬರುತ್ತದೆ. ಬೇಕಾದದ್ದು ದುಬಾರಿಯದೇನಲ್ಲ: ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್, ಥಯಮಿನ್ ಚುಚ್ಚುಮದ್ದು, ನೀರು, ಬೆಳಕಿರುವ ಕೋಣೆ, ಜೊತೆಗೆ ಒಬ್ಬ ಮನುಷ್ಯ. ಬಂಧಿಸಿದವನನ್ನು ವೈದ್ಯರಿಗೆ ತೋರಿಸಬೇಕೆಂಬ ನಿಯಮ ಇದ್ದೇ ಇದೆ. ಆ ಹೊತ್ತಿನಲ್ಲಿ ಗಾಯಗಳ ಪಟ್ಟಿ ಮಾಡುವ ಜೊತೆಗೆ “ಕೊನೆಯ ಸಲ ಕುಡಿದದ್ದು ಯಾವಾಗ?” ಎಂದು ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಸಾವು ತಪ್ಪುತ್ತವೆ.

ಜೈಲಿನೊಳಗೆ ಇಂಥವರು ಎಷ್ಟು ಮಂದಿ? ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ 5,024 ಕೈದಿಗಳನ್ನು ಪರೀಕ್ಷಿಸಿತು. 4,002 ಮಂದಿಯಲ್ಲಿ, ಅಂದರೆ ಶೇ 79.6ರಲ್ಲಿ, ಮನೋರೋಗ ಅಥವಾ ಮಾದಕ ವ್ಯಸನದ ಲಕ್ಷಣವಿತ್ತು. ವ್ಯಸನವನ್ನು ಬಿಟ್ಟು ಎಣಿಸಿದರೂ ಶೇ 27.6. ಈ ಲೆಕ್ಕ ಓದಿದ ಮೇಲೆ ಕೋರ್ಟಿನ ಅಂಗಳದ ಸಾಲು ಬೇರೆಯೇ ಕಾಣುತ್ತದೆ.

ಇನ್ನೊಂದು ಸಾಲು ಇದೇ ಊರಿನಲ್ಲಿ ಮಂಗಳವಾರ ನಿಲ್ಲುತ್ತದೆ. ಕರ್ನಾಟಕ 2014ರಲ್ಲಿ ಶುರುಮಾಡಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಇದರ ಬೇರು ನಮ್ಮಲ್ಲೇ ಇದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರ ಕೊರತೆಯನ್ನು ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು ನೀಗಿಸಬಹುದು ಎಂಬುದು ಬಳ್ಳಾರಿಯ ಪಾಠ. ಮಂಗಳವಾರದ ಸಾಲಿನಲ್ಲಿ ನಿಂತವರ ಕೈಯಲ್ಲಿ ಮಡಚಿ ಮಡಚಿ ಹರಿದ ಚೀಟಿಗಳು. ರಿಸ್ಪೆರಿಡೋನ್, ಓಲಾಂಜಪಿನ್, ಟ್ರೈಹೆಕ್ಸಿಫೆನಿಡಿಲ್. ಕುಡಿತದವರ ಚೀಟಿಯಲ್ಲಿ ಬಿ1 ಗುಳಿಗೆ. ತಿಂಗಳ ಗುಳಿಗೆ ಸಿಗುತ್ತದೆ, ಮುಂದಿನ ತಾರೀಕು ಬರೆದುಕೊಡುತ್ತಾರೆ. ಕೋರ್ಟಿನ ಸಾಲಿಗೂ ಇದೇ ಪದ್ಧತಿ: ಚೀಟಿ, ಕಾಯುವಿಕೆ, ಮುಂದಿನ ತಾರೀಕು. ಒಂದೇ ಮನೆಯ ಹೆಂಗಸು ಸೋಮವಾರ ಅಲ್ಲಿ, ಮಂಗಳವಾರ ಇಲ್ಲಿ ನಿಲ್ಲಬೇಕಾಗುವುದು ಅಪರೂಪವಲ್ಲ. ಅಲ್ಲಿನ ಕಾಗದದಲ್ಲಿ ಇಲ್ಲಿನ ವಿಷಯ ಇರುವುದಿಲ್ಲ, ಇಲ್ಲಿನ ಚೀಟಿಯಲ್ಲಿ ಅಲ್ಲಿನದು ಇರುವುದಿಲ್ಲ. ಅವಳ ತಲೆಯಲ್ಲಿ ಮಾತ್ರ ಎರಡೂ ಇರುತ್ತವೆ.

ಬಸ್ ನಿಲ್ದಾಣಕ್ಕೆ ಬಂದರೆ ಮೂರನೆಯ ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ. ರಾಜ್ಯದ ಯಾವ ಊರಿನ ಗೋಡೆಯ ಮೇಲೂ “ಕೊಳ್ಳೇಗಾಲದ ಪ್ರಸಿದ್ಧ ಮಾಂತ್ರಿಕರು” ಇದ್ದಾರೆ. ಸ್ವತಃ ಕೊಳ್ಳೇಗಾಲದವರು ಈ ಕೀರ್ತಿಗೆ ನಗುತ್ತಾರೆ, ಸ್ವಲ್ಪ ಸಿಟ್ಟೂ ಆಗುತ್ತಾರೆ. ರೇಷ್ಮೆಗೆ ಹೆಸರಾದ ಊರು ಮಾಟಕ್ಕೆ ಹೆಸರಾಗಬೇಕಿತ್ತೇ ಎಂದು. ಆದರೆ ಗಾಳಿ ಸೋಕಿದೆ, ಯಾರೋ ಮಾಡಿಸವ್ರೆ ಎಂಬ ಮಾತು ಮನೆಗಳಲ್ಲಿ ಆಸ್ಪತ್ರೆಗಿಂತ ಮೊದಲು ಬರುವುದು ನಿಜ. ನನಗೆ ತಾಯತದ ಮೇಲೆ ಅಂಥ ಸಿಟ್ಟೇನಿಲ್ಲ. ತಾಯತ ಕಟ್ಟಿಸಿಕೊಂಡೇ ಗುಳಿಗೆ ನುಂಗುವವರು ಬೇಕಾದಷ್ಟು ಜನ ಇದ್ದಾರೆ, ಅವರು ಚೆನ್ನಾಗಿಯೇ ಇದ್ದಾರೆ. ಹೊಡೆತ, ಸರಪಳಿ, ಗುಳಿಗೆ ನಿಲ್ಲಿಸು ಎಂಬ ಅಪ್ಪಣೆ, ಇವು ಬಂದಾಗ ಮಾತ್ರ ಅದು ಅಪರಾಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಮನೋರೋಗಿಯನ್ನು ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟಕೂಡದು ಅನ್ನುತ್ತದೆ. ಇದರ ಹಿಂದೆ 2001ರ ಆಗಸ್ಟ್ 6ರ ನೆನಪಿದೆ. ಅಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಜೈಲಿಗೆ ಬದಲಿ ಅನ್ನಿಸಿಕೊಳ್ಳುವುದೆಲ್ಲ ಚಿಕಿತ್ಸೆಯಾಗುವುದಿಲ್ಲ. ಬೀಗ ಹಾಕಿ ಹೊಡೆದು ಕುಡಿತ ಬಿಡಿಸುತ್ತೇವೆನ್ನುವ ನೋಂದಣಿಯಿಲ್ಲದ ಕೇಂದ್ರವೂ ಜೈಲೇ, ಜಾಮೀನಿಲ್ಲದ ಜೈಲು.

ಹನೂರು ಹಾದಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆ ಈ ಒಣ ಸೀಮೆಯ ಹಳೆಯ ಆಸರೆ. ಅಲ್ಲಿಂದಾಚೆ ಹೊಲಗಳಲ್ಲಿ ಮೆಕ್ಕೆಜೋಳ, ಅರಿಶಿನ, ರಾಗಿ. ಊರ ಚಾವಡಿಗಳ ಗೋಡೆಯಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದ ಕರಪತ್ರಗಳು. ಈ ಶಿಬಿರಗಳನ್ನು ನಗರದ ವಿದ್ಯಾವಂತರು ಹಗುರವಾಗಿ ಕಾಣುತ್ತಾರೆ. ಭಜನೆ, ವ್ಯಾಯಾಮ, ಹೆಂಡತಿ ಮಕ್ಕಳ ಮುಂದೆ ಪ್ರತಿಜ್ಞೆ, ಇದೇನು ಚಿಕಿತ್ಸೆ ಎಂದು. ಶಿಬಿರದಲ್ಲಿ ಕಳೆಯುವ ಒಂದು ವಾರವೇ ನಿಲ್ಲಿಸಿದವನ ದೇಹಕ್ಕೆ ಅತಿ ಅಪಾಯದ ವಾರ ಎಂಬುದನ್ನು ಮರೆಯಬಾರದು, ವೈದ್ಯರ ಕಣ್ಣು ಅಲ್ಲಿರಲೇಬೇಕು. ಆದರೆ ಶಿಬಿರ ಮುಗಿದ ಮೇಲೆ ಅವರು ಕಟ್ಟುವ ನವಜೀವನ ಸಮಿತಿಯನ್ನು ನೋಡಿ. ಬಿಟ್ಟವರು ಬಿಟ್ಟವರನ್ನು ವಾರಕ್ಕೊಮ್ಮೆ ಭೇಟಿಯಾಗಿ ವಿಚಾರಿಸುತ್ತಾರೆ. ಮಾದಪ್ಪನ ಆಣೆ ಹಾಕಿ ಬಿಟ್ಟವನಿಗೂ, ಮಾಲೆ ಹಾಕಿ ಬಿಟ್ಟವನಿಗೂ ಆಣೆಯ ಅವಧಿ ಮುಗಿದ ಮಾರನೆಯ ದಿನ ಬೇಕಾಗುವುದು ಇಂಥದೇ ಒಂದು ಜೊತೆ. ಕೋರ್ಟಿಗೆ ಇಲ್ಲದ, ಆಸ್ಪತ್ರೆಗೂ ಇಲ್ಲದ ಒಂದು ಅಂಗ ಇವರಿಗಿದೆ.

ಹನೂರು ದಾಟಿದರೆ ಕಾಡು ಹತ್ತಿರವಾಗುತ್ತದೆ. ಜೋಳದ ಸಾಲಿನ ನಡುವೆ ಗಾಂಜಾ ಗಿಡ, ರೈತನ ಬಂಧನ: ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಈ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬೆಳೆದವನಿಗೆ 39ನೇ ಕಲಮಿನ ದಯೆಯಿಲ್ಲ, ಇರಬೇಕೆಂದು ನಾನೂ ಹೇಳುತ್ತಿಲ್ಲ. ಕೃಷಿ ಮಾಡಿದ್ದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಆದರೆ ಸೇದುವವನನ್ನೂ ಬೆಳೆಯುವವನನ್ನೂ ಒಂದೇ ಫೋಟೊದಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿ, ವಶಪಡಿಸಿಕೊಂಡ ಚೀಲದ ಹಿಂದೆ ನಿಲ್ಲಿಸುವ ಅಭ್ಯಾಸ ಹೋಗಬೇಕು. ಇವರಲ್ಲಿ ಒಬ್ಬನಿಗೆ ವೈದ್ಯರು ಬೇಕು.

ಜೈಲು ಏನು ಮಾಡುತ್ತದೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಸಿಡಿಸಿದ ನೆಲಬಾಂಬಿಗೆ 22 ಮಂದಿ ಸತ್ತ ಮೇಲೆ ಇಲ್ಲಿನ ಹಳ್ಳಿಗಳಿಂದ ಜನರನ್ನು ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಎತ್ತಿಕೊಂಡು ಹೋದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅವರಲ್ಲಿ ಹಲವರು ಅಷ್ಟರಲ್ಲಿ ವರ್ಷಗಟ್ಟಲೆ ಒಳಗಿದ್ದು ಬಂದಿದ್ದರು. ವೀರಪ್ಪನ್‌ನನ್ನು ಹಿಡಿಯುವ ಕಾರ್ಯಾಚರಣೆಯ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರಕ್ಕೆ ಶಿಫಾರಸು ಮಾಡಿತು. ಪರಿಹಾರದ ಹಣ ಎಣಿಸಬಹುದು, ಕೆಟ್ಟ ನಿದ್ದೆಯನ್ನು ಯಾರು ಎಣಿಸುತ್ತಾರೆ? ಈ ಕಥೆಗೆ ಇನ್ನೊಂದು ತಿರುವಿದೆ. ಪಾಲಾರ್ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾಗಿದ್ದ ನಾಲ್ವರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2014ರ ಜನವರಿ 21ರಂದು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದು ಅವರ ಮಟ್ಟಿಗೆ ಕಾರಣ. ಶತ್ರುಘ್ನ ಚೌಹಾಣ್ ಪ್ರಕರಣವೆಂದು ಹೆಸರಾದ ಅದೇ ತೀರ್ಪಿನಲ್ಲಿ, ಬೇರೆ ಕೈದಿಗಳ ವಿಷಯದಲ್ಲಿ, ಮನೋರೋಗವೂ ಗಲ್ಲನ್ನು ತಪ್ಪಿಸುವ ಕಾರಣ ಎಂದು ನ್ಯಾಯಾಲಯ ಒಪ್ಪಿತು. ಇವನಿಗೆ ಮನೋರೋಗವಿದೆಯೇ ಎಂದು ಗಲ್ಲಿನ ಹಗ್ಗದ ಬುಡದಲ್ಲಿ ಕೇಳಿದ ಆ ಪ್ರಶ್ನೆಯನ್ನು ಠಾಣೆಯ ಮೆಟ್ಟಿಲಿನಲ್ಲೇ ಕೇಳಿದ್ದರೆ ಅನ್ನಿಸುತ್ತದೆ.

ಮಹದೇಶ್ವರ ಬೆಟ್ಟದಲ್ಲಿ ಆ ಪ್ರಶ್ನೆ ಅಮಾವಾಸ್ಯೆಗೊಮ್ಮೆ ಬಸ್ಸಿನಿಂದ ಇಳಿಯುತ್ತದೆ. ಲಕ್ಷಾಂತರ ಭಕ್ತರು ಬಂದು ಹೋಗುವ ಜಾಗ, ದಾಸೋಹದಲ್ಲಿ ಯಾರನ್ನೂ ಯಾರೂ ಊರು ಕೇಳುವುದಿಲ್ಲ. ಗುಂಪು ಕರಗಿದ ಮೇಲೆ ಒಬ್ಬಿಬ್ಬರು ಉಳಿಯುತ್ತಾರೆ. ದಾರಿ ತಪ್ಪಿದವರು, ಬಿಟ್ಟುಹೋದವರು, ತಮ್ಮ ಹೆಸರೇ ಹೇಳಲಾಗದವರು. ದೊಡ್ಡ ಯಾತ್ರಾಸ್ಥಳಗಳಲ್ಲೆಲ್ಲ ಇದು ಇರುವುದೇ. 1912ರ ಲೂನಸಿ ಕಾಯ್ದೆಯ ಕಾಲದಿಂದಲೂ ಇಂಥವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಅಪರಾಧವಿಲ್ಲದ ಮನೋರೋಗಿಗಳನ್ನು ಸುರಕ್ಷತೆಯ ಹೆಸರಿನಲ್ಲಿ ಜೈಲಿನಲ್ಲಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮು ಈ ದಾರಿಯನ್ನೇ ಬದಲಿಸಿತು. ಅಲೆದಾಡುತ್ತಿರುವ ಮನೋರೋಗಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು, ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಯಾವ ಕಾರಣಕ್ಕೂ ಇಡಕೂಡದು. ಅವರು ನಿರ್ಗತಿಕರಾಗಿದ್ದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯದೇ ಹೊಣೆ. ಕಾಯ್ದೆ ಕೇಳಿರುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು, ಮನೋವೈದ್ಯರನ್ನಲ್ಲ ಎಂಬುದನ್ನು ಗಮನಿಸಬೇಕು. ಬೆಟ್ಟದಿಂದ ಚಾಮರಾಜನಗರದ ವೈದ್ಯಕೀಯ ಕಾಲೇಜಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಅರ್ಧ ದಾರಿ ಘಾಟಿ ಮತ್ತು ಆನೆ. ಜಾತ್ರೆಯ ಬಂದೋಬಸ್ತಿನಲ್ಲಿರುವ ಠಾಣೆ ಒಂದು ಜೀಪು, ಒಬ್ಬ ಮಹಿಳಾ ಪೇದೆಯನ್ನು ಇಡೀ ದಿನಕ್ಕೆ ಬಿಟ್ಟುಕೊಡುವುದು ಕಷ್ಟ. ಹೀಗಿರುವಾಗ ಮೊದಲ ನಿಲ್ದಾಣ ಪ್ರಾಥಮಿಕ ಆರೋಗ್ಯ ಕೇಂದ್ರವಾಗಬೇಕು. ಅಲ್ಲಿನ ವೈದ್ಯರು 14416ಕ್ಕೆ, ಅಂದರೆ ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮಾನಸ್‌ಗೆ, ಫೋನು ಮಾಡಿ ಮೊದಲ ಗುಳಿಗೆಯ ಬಗ್ಗೆ ಸಲಹೆ ಪಡೆಯಬಹುದು. 2022ರ ಅಕ್ಟೋಬರ್‌ನಿಂದ ಆ ಸೇವೆ ಇದೆ.

ಬೇರೆ ದೇಶಗಳು ಈ ದಾಟಿಸುವ ಕೆಲಸಕ್ಕೆ ಸಂಬಳದ ಮನುಷ್ಯರನ್ನು ಇಟ್ಟಿವೆ. ಅಮೆರಿಕದ ಮಯಾಮಿಯಲ್ಲಿ 1989ರಲ್ಲಿ ಶುರುವಾದ ಡ್ರಗ್ ಕೋರ್ಟಿನಲ್ಲಿ ನ್ಯಾಯಾಧೀಶರೇ ಆರೋಪಿಯ ಚಿಕಿತ್ಸೆಯ ಪ್ರಗತಿಯನ್ನು ಮತ್ತೆ ಮತ್ತೆ ಕರೆಸಿ ವಿಚಾರಿಸುತ್ತಾರೆ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದಲೇ ತೆಗೆದು, ಸಿಕ್ಕವರನ್ನು ಕಾನೂನು, ಆರೋಗ್ಯ, ಸಮಾಜಕಾರ್ಯ ಬಲ್ಲವರ ಸಣ್ಣ ಸಮಿತಿಯೆದುರು ಕೂರಿಸಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಯಳಂದೂರಿಗೆ ಹೋದರೆ ಸಾಕು.

ಯಳಂದೂರು ಸಣ್ಣ ತಾಲ್ಲೂಕು. ಒಂದು ಕಡೆ ಸುವರ್ಣಾವತಿ, ಒಂದು ಕಡೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸಕ್ಕೆ ಕೂತ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಕೆಳಗೆ ಬಯಲಿನಲ್ಲಿ ಕುಷ್ಠ ಹೆಚ್ಚಿತ್ತು, ಅದಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಕುಷ್ಠದ ಕಥೆಗೂ ನಮ್ಮ ವಿಷಯಕ್ಕೂ ಹತ್ತಿರದ ನಂಟಿದೆ. ಬ್ರಿಟಿಷ್ ಭಾರತದ 1898ರ ಕುಷ್ಠರೋಗಿಗಳ ಕಾಯ್ದೆಯಡಿ ಬೀದಿಯಲ್ಲಿ ಕಂಡ ನಿರ್ಗತಿಕ ಕುಷ್ಠರೋಗಿಯನ್ನು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಿತ್ತು, ಮ್ಯಾಜಿಸ್ಟ್ರೇಟರು ಆಶ್ರಮಕ್ಕೆ ಅಟ್ಟಬಹುದಿತ್ತು. ಕಾಯಿಲೆಗೆ ಪೊಲೀಸು ಎಂಬ ಆ ವ್ಯವಸ್ಥೆಯನ್ನು ಮುಗಿಸಿದ್ದು ಕರುಣೆಯ ಭಾಷಣಗಳಲ್ಲ, ಮನೆಬಾಗಿಲಿಗೆ ಬಂದ ಬಹುಔಷಧ ಗುಳಿಗೆ ಪಟ್ಟಿ ಮತ್ತು ಅದನ್ನು ನುಂಗಿದನೋ ಇಲ್ಲವೋ ಎಂದು ನೋಡಿಕೊಂಡು ಹೋಗುತ್ತಿದ್ದ ಕಾರ್ಯಕರ್ತರು.

ಅದೇ ಕಾಲುಗಳು ಆಮೇಲೆ ಮೂರ್ಛೆರೋಗಕ್ಕೆ ನಡೆದವು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆಯವರನ್ನು ಮನೆಮನೆ ಹುಡುಕಿ, ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಗುಳಿಗೆಗಳನ್ನು ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, “ಯಳಂದೂರು ಅಧ್ಯಯನ” ಎಂಬ ಹೆಸರಿನಲ್ಲಿ. ದೆವ್ವ ಬಡಿದಿದೆ ಎಂದು ಮೂಲೆಯಲ್ಲಿ ಕೂರಿಸಿದ್ದವರು ಗುಳಿಗೆಯಿಂದ ಹೊಲಕ್ಕೆ ಮರಳಿದ ಕಥೆ ಅದು. ಪೂರ್ಣಯ್ಯನ ಜಹಗೀರಿನ ಹೆಸರು ಪ್ರಪಂಚದ ವೈದ್ಯರಿಗೆ ಗೊತ್ತಿರುವುದು ಇದರಿಂದ. ಯಳಂದೂರಿನಲ್ಲೇ ಎಷ್ಟು ಜನಕ್ಕೆ ಗೊತ್ತು ಅನ್ನುವುದು ಬೇರೆ ಮಾತು.

ಪಟ್ಟಣದಿಂದ ಬೆಟ್ಟದ ರಸ್ತೆ ಹಿಡಿದರೆ ಗುಂಬಳ್ಳಿ. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ಗೆ ವಹಿಸಿತು. ಮೂರ್ಛೆ, ಮನೋರೋಗಗಳನ್ನು ಶೀತ, ಜ್ವರ, ಹೆರಿಗೆಗಳ ಸಾಲಿಗೇ ಸೇರಿಸಿ ನೋಡಿದ ಕೇಂದ್ರಗಳಲ್ಲಿ ಇದೂ ಒಂದು. ಬೇರೆ ಬಾಗಿಲು, ಬೇರೆ ಬೋರ್ಡು ಇಲ್ಲದಿರುವುದೇ ಅದರ ಗುಣ. ಹುಚ್ಚಾಸ್ಪತ್ರೆಗೆ ಹೋದ ಎಂಬ ಹೆಸರು ಅಂಟುವುದಿಲ್ಲ. ಕೋರ್ಟು ಕಳಿಸಿದವನೂ ಜ್ವರದವನ ಪಕ್ಕದಲ್ಲೇ ಕೂತರೆ ಊರಿಗೆ ಯಾಕೆ ಗೊತ್ತಾಗಬೇಕು?

ಈ ಮೂರು ತಾಲ್ಲೂಕಿಗೆ ಹೊಸ ಕಟ್ಟಡ ಬೇಡ ಎಂದು ನನಗನ್ನಿಸುವುದು ಇಲ್ಲಿ ನಿಂತಾಗ. 39ನೇ ಕಲಮು ಮನೋವೈದ್ಯರ ಸಹಿಯೇ ಬೇಕೆಂದು ಹೇಳಿಲ್ಲ, ಸರ್ಕಾರದ ಆಸ್ಪತ್ರೆ ಸಾಕು. ಮಂಗಳವಾರ ತಾಲ್ಲೂಕಿನಲ್ಲಿ ಮನೋವೈದ್ಯರು ಒಮ್ಮೆ ನೋಡಿ ಔಷಧಿ ಬರೆಯಲಿ. ತಿಂಗಳ ಗುಳಿಗೆ ಹಳ್ಳಿಯ ಹತ್ತಿರದ ಕೇಂದ್ರದಲ್ಲಿ ಸಿಗಲಿ, ಮೂರು ಸಾಲಿನ ವರದಿಯನ್ನು ಅಲ್ಲಿನ ವೈದ್ಯರು ಬರೆಯಲಿ. ಉಚಿತ ವಕೀಲರು 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಡಿ ಬಂಧನದಲ್ಲಿರುವವನಿಗೂ ಸಿಗಬೇಕು, ಅಂಗವಿಕಲತೆಯ ಲೆಕ್ಕಕ್ಕೆ ಬರುವ ಮನೋರೋಗಿಗೂ ಸಿಗಬೇಕು. ಆ ವಕೀಲರು ದಂಡ ಕಟ್ಟಿಸುವ ಮೊದಲು ಚಿಕಿತ್ಸೆಯ ದಾರಿಯನ್ನೂ ಕಕ್ಷಿದಾರನಿಗೆ ಹೇಳಲಿ. ಇಷ್ಟಕ್ಕೆ ತಿದ್ದುಪಡಿ ಬೇಡ, ಶಂಕುಸ್ಥಾಪನೆ ಬೇಡ.

ಬೇಕಾದ ಖರ್ಚು ಒಂದೇ. ಕುಷ್ಠ ಪತ್ತೆಹಚ್ಚಿ ಗುಳಿಗೆ ಮುಗಿಸುವಂತೆ ನೋಡಿಕೊಂಡದ್ದಕ್ಕೆ, ಕ್ಷಯದ ಔಷಧಿ ಪೂರ್ತಿಯಾದದ್ದಕ್ಕೆ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಇದೆ. ಅದಕ್ಕೆಂದೇ ಒಂದು ಪಟ್ಟಿ, ಪಟ್ಟಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ದರ. ಮುಚ್ಚಳಿಕೆಯ ಮೇಲೆ ಮನೆಗೆ ಬಂದವನ ಬಾಗಿಲನ್ನು ಹದಿನೈದು ದಿನಕ್ಕೊಮ್ಮೆ ತಟ್ಟಿ, ಗುಳಿಗೆ ತಗೊಂಡ್ಯಾ, ನಿದ್ದೆ ಬಂತಾ, ಕೋರ್ಟಿನ ತಾರೀಕು ಯಾವತ್ತು ಎಂದು ಕೇಳಿ ಬರುವುದನ್ನು ಆ ಪಟ್ಟಿಗೆ ಒಂದು ಸಾಲಾಗಿ ಸೇರಿಸಬೇಕು. ದರ ಎಷ್ಟಿರಬೇಕೆಂದು ಬೆಂಗಳೂರಿನಲ್ಲಿ ಕೂತವರು ನಿರ್ಧರಿಸುವ ಮೊದಲು, ಹನೂರು ತಾಲ್ಲೂಕಿನ ರಾಮಾಪುರದಿಂದ ಕಾಡಂಚಿನ ಸೋಲಿಗರ ಪೋಡಿಗೆ ಆಟೊದವನು ಎಷ್ಟು ಕೇಳುತ್ತಾನೆಂದು ಒಬ್ಬ ಆಶಾಳನ್ನು ವಿಚಾರಿಸಲಿ.